ವೇದಿಕೆಯ ಮೇಲೆ ನನ್ನ ಹೆಸರು

ರೊಡೆಲ್‌ನನ್ನು ನಾನು ದೇವರಂತೆ ನಂಬಿದ್ದೆ. ಈಗ ಅವನ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಅವನು ಮನಿಲಾದಲ್ಲಿ ವರದಿಗಾರನಾಗಿದ್ದ. ಒಬ್ಬ ಮಂತ್ರಿಯ ಮರಳು ದಂಧೆ ಬಯಲು ಮಾಡಿದ್ದಕ್ಕೆ, ಸುದ್ದಿ ಕೊಟ್ಟವರು ಯಾರು ಹೇಳು ಎಂದು ಜೈಲಿಗೆ ಹಾಕಿ ಹೊಡೆದರಂತೆ. ಬಾಯಿ ಬಿಡಲಿಲ್ಲ. ಆಮೇಲೆ ನ್ಯೂಜೆರ್ಸಿಗೆ ಬಂದು, ಫಿಲಿಪಿನೋ ದಿನಸಿ ಅಂಗಡಿಗಳಲ್ಲಿ ಪುಕ್ಕಟೆ ಸಿಗುವ ವಾರಪತ್ರಿಕೆ ನಡೆಸಿದ. ಅದರಿಂದ ಹೆಸರು ಬಂತು, ಟೌನ್ ಕೌನ್ಸಿಲ್ಲಿಗೆ ಗೆದ್ದ, ಈ ವರ್ಷ ಸ್ಟೇಟ್ ಅಸೆಂಬ್ಲಿಗೆ ನಿಂತ.

ಆ ಹೆಸರು ತಂದುಕೊಟ್ಟ ಸುದ್ದಿ ನನ್ನದು. ನಾನು ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್ ಒಂದರಲ್ಲಿ ಫಿಸಿಕಲ್ ಥೆರಪಿಸ್ಟ್ ಆಗಿದ್ದೆ. ಅದರ ಮಾಲೀಕ ಶ್ಯಾಮ್, ಪ್ರಜ್ಞೆಯಿಲ್ಲದೆ ಮಲಗಿದ ಮುದುಕರಿಗೂ ವ್ಯಾಯಾಮ ಮಾಡಿಸಿದೆವೆಂದು ಬರೆಸಿ ಇನ್ಶೂರೆನ್ಸ್ ದುಡ್ಡು ಹೊಡೆಯುತ್ತಿದ್ದ. ನನ್ನ ಗ್ರೀನ್ ಕಾರ್ಡ್ ಅರ್ಜಿ ಅವನ ಕೈಯಲ್ಲೇ ಇತ್ತು. ಆದರೂ ತಡೆಯಲಾರದೆ ರೊಡೆಲ್‌ನ ಪತ್ರಿಕೆಗೆ ಫೋನ್ ಮಾಡಿ ಅವನಿಗೆ ಹೇಳಿದೆ. ಅಚ್ಚಿಗೆ ಹೋಗುವ ಮುಂಚೆ ಅವನು ಒಂದೊಂದೇ ವಾಕ್ಯವನ್ನು ಫೋನಿನಲ್ಲಿ ಓದಿ, “ಇದರಿಂದ ನಿನ್ನ ಗುರುತು ಸಿಗುತ್ತಾ?” ಎಂದು ಕೇಳುತ್ತಿದ್ದ. ಹೌದೆಂದರೆ ಆ ವಾಕ್ಯವನ್ನೇ ಹೊಡೆದುಹಾಕುತ್ತಿದ್ದ. ಶ್ಯಾಮ್ ದಂಡ ಕಟ್ಟಿ ಪಾರಾದ. ಹೇಳಿದವರು ಯಾರೆಂದು ಮಾತ್ರ ವರ್ಷಗಟ್ಟಲೆ ಹುಡುಕಿದ. ನನ್ನ ಗಂಡ ರಾಜಶೇಖರನಿಗೂ ನಾನು ಹೇಳಿರಲಿಲ್ಲ.

ಕಳೆದ ತಿಂಗಳು ಎಡಿಸನ್‌ನ ಬ್ಯಾಂಕ್ವೆಟ್ ಹಾಲಿನಲ್ಲಿ ನಮ್ಮ ಕನ್ನಡದವರ ಯುಗಾದಿ ಊಟ. ವೋಟು ಕೇಳಲು ಬಂದ ರೊಡೆಲ್ ಮೈಕ್ ಹಿಡಿದು, ಎದೆ ಮುಟ್ಟಿಕೊಂಡು ಹೇಳಿದ: “ಆ ನರ್ಸಿಂಗ್ ಹೋಮ್ ಸುದ್ದಿ ಕೊಟ್ಟ ಧೈರ್ಯವಂತೆ ನಿಮ್ಮವಳೇ. ಅಕ್ಷತಾ, ಎದ್ದು ನಿಲ್ಲು.”

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನಾನು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿದೆ. ರಾಜಶೇಖರ ನನ್ನ ಕಡೆ ತಿರುಗಿ, “ನನಗೂ ಹೇಳಿಲ್ಲಲ್ಲೇ ನೀ,” ಎಂದ. ಯಾರೋ ಆಂಟಿ ಬೆನ್ನು ತಟ್ಟಿ, “ಎಷ್ಟು ಬ್ರೇವ್ ಕಣೇ ನೀನು,” ಅಂದರು. ಸುತ್ತ ಫೋನುಗಳು ವಿಡಿಯೊ ಮಾಡುತ್ತಿದ್ದವು. ನಾವು ಮನೆ ಮುಟ್ಟುವಷ್ಟರಲ್ಲಿ ಅದು ವಾಟ್ಸ್ಯಾಪ್ ಗ್ರೂಪುಗಳಲ್ಲೆಲ್ಲ ತಿರುಗಿ ಶ್ಯಾಮ್‌ನನ್ನೂ ತಲುಪಿತ್ತು.

ಸೋಮವಾರ ಕೆಲಸಕ್ಕೆ ಹೋದರೆ, ನಿಮ್ಮ ಪೊಸಿಷನ್ ಎಲಿಮಿನೇಟ್ ಆಗಿದೆ, ನಾಳೆಯಿಂದ ಬರಬೇಡಿ ಎಂದರು. ವೀಸಾಕ್ಕೆ ಬೇರೆ ಸ್ಪಾನ್ಸರ್ ಬೇಗ ಸಿಗದಿದ್ದರೆ ದೇಶ ಬಿಡಬೇಕು. ರಾಜಶೇಖರನೂ ನನ್ನ ವೀಸಾದ ಮೇಲೇ ಇದ್ದಾನೆ, ಮಗ ಆರ್ಯನ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ.

ಸೀದಾ ರೊಡೆಲ್‌ನ ಆಫೀಸಿಗೆ ನುಗ್ಗಿದೆ. “ಯಾರನ್ನ ಕೇಳಿ ನನ್ನ ಹೆಸರು ಹೇಳಿದೆ? ನನ್ನ ಕೆಲಸ ಹೋಯ್ತು.”

ಅವನು ಕುರ್ಚಿ ಎಳೆದು ಕೂರಿಸಲು ನೋಡಿದ. “ನಿಮ್ಮ ಜನರ ಮುಂದೆ ನಿನ್ನನ್ನ ಗೌರವಿಸೋಣ ಅಂತ. ಹೋಗಲಿ, ನಿನ್ನನ್ನ ಕೆಲಸದಿಂದ ತೆಗೆದದ್ದನ್ನೇ ಇಷ್ಯೂ ಮಾಡೋಣ. ಗುರುವಾರ ಪ್ರೆಸ್ ಕರೀತೀನಿ, ನನ್ನ ಪಕ್ಕ ನಿಂತುಕೋ.”

ಇವನ ಗೌರವಕ್ಕಿಷ್ಟು ಬೆಂಕಿ ಬೀಳಲಿ. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೂ ಆಯಿತು ಎಂದೆ.

ಗುರುವಾರ ಪಕ್ಕದಲ್ಲೇ ನಿಂತೆ. ಅವನು ನನ್ನನ್ನು ಪರಿಚಯಿಸಿ ಮೈಕ್ ಕೊಟ್ಟ.

“ಮನಿಲಾದಲ್ಲಿ ಹೊಡೆದು ಕೇಳಿದರೂ ಈತ ಹೇಳಲಿಲ್ಲ,” ಎಂದೆ. “ಎಡಿಸನ್‌ನಲ್ಲಿ ಯಾರೂ ಕೇಳಿರಲೇ ಇಲ್ಲ. ವೋಟಿಗಾಗಿ ತಾನಾಗಿ ಹೇಳಿದ. ನನಗೆ ಈ ದೇಶದಲ್ಲಿ ವೋಟೂ ಇಲ್ಲ, ಈಗ ಕೆಲಸವೂ ಇಲ್ಲ.”

ವರದಿಗಾರರು ಬರೆದುಕೊಳ್ಳತೊಡಗಿದರು. ರೊಡೆಲ್‌ನ ಮುಖ ಕಪ್ಪಿಟ್ಟಿತು. ಅವರತ್ತ ಕೈಯೆತ್ತಿ, “ಪ್ಲೀಸ್, ಇದು ಆಫ್ ದಿ ರೆಕಾರ್ಡ್,” ಎಂದ.

“ಬರ್ಕೊಳ್ಳಿ,” ಎಂದೆ ನಾನು. “ಹೆಸರು ಹಾಕೇ ಬರೀರಿ.”