ಒಂದನೇ ವಾರ್ಡಿನ ಕಾವೇರಮ್ಮ

ವರಲಕ್ಷ್ಮಿ ಹಂಡೆಯಿಂದ ಬಿಸಿನೀರು ಮೊಗೆದು ಬಗ್ಗುವಷ್ಟರಲ್ಲಿ ಮಗಳು ಮಾನಸ ಬಂದು ಅವಳ ಕೈಯಲ್ಲಿದ್ದ ಚೊಂಬನ್ನು ಹಿಡಿದುಕೊಂಡಳು.

"ನೀನ್ ಹಾಕ್ಬೇಡ ಕಣವ್ವ. ನಾನ್ ಹಾಕ್ತೀನಿ."

ಸುತ್ತ ನಿಂತಿದ್ದ ಹೆಂಗಸರು ಕೇಳಿಸಿದರೂ ಕೇಳಿಸದವರಂತೆ ಸೆರಗು ಸರಿಮಾಡಿಕೊಂಡರು. ತಾಯಿ ಪಂಚಾಯಿತಿ ಚುನಾವಣೆಯ ನಾಮಪತ್ರ ವಾಪಸ್ ತೆಗೆದುಕೊಂಡ ದಿನದಿಂದ ಮಾನಸ ಅವಳ ಜೊತೆ ಮಾತು ಬಿಟ್ಟಿದ್ದಳು. ಹನ್ನೊಂದು ದಿನದ ಮೇಲೆ ಆಡಿದ ಮೊದಲ ಮಾತು ಇದು. ವರಲಕ್ಷ್ಮಿ ಚೊಂಬು ಬಿಟ್ಟುಕೊಟ್ಟು, ಹಂಡೆಯ ಕೆಳಗಿನ ಸೌದೆಯನ್ನು ಸುಮ್ಮನೆ ಒಳಕ್ಕೆ ತಳ್ಳುತ್ತಾ ಕೂತಳು.

ಅಂಗಳದಲ್ಲಿ ಹಲಗೆಯ ಮೇಲೆ ಕಾವೇರಮ್ಮನನ್ನು ಮಲಗಿಸಿದ್ದರು. ಗಂಡ ಸತ್ತ ಮೇಲೆ ಅಕ್ಕೂರಿನಾಚೆಯ ಈ ತವರೂರಿಗೆ ಬಂದು, ಅಣ್ಣನ ದೊಡ್ಡ ಮನೆಗೆ ಕಾಲಿಡದೆ, ಅಂಗನವಾಡಿಯ ಪಕ್ಕದ ಶೀಟಿನ ಮನೆಯಲ್ಲಿ ಒಬ್ಬಳೇ ಬದುಕಿದವಳು. ಇಪ್ಪತ್ತೆಂಟು ವರ್ಷ ಅಂಗನವಾಡಿ ಟೀಚರಾಗಿ ಊರಿನ ಮಕ್ಕಳ ಮೂಗು ಒರೆಸಿದಳು. ಅದರಲ್ಲಿ ಹದಿನೈದು ವರ್ಷ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಿದಳು. ಹದಿನೆಂಟು ತುಂಬಿದವರ ಹೆಸರು ಬರೆದುಕೊಳ್ಳುವುದು, ಸೊಸೆಯಾಗಿ ಬಂದವರನ್ನು ಸೇರಿಸುವುದು, ಸತ್ತವರನ್ನು ತೆಗೆಯುವುದು. ನಿನ್ನೆ ಬೆಳಿಗ್ಗೆ ಡೈರಿಯಿಂದ ಹಾಲು ತರಲು ಹೊರಟವಳು ಹೊಸಲು ದಾಟುವಾಗಲೇ ಕುಸಿದಿದ್ದಳು.

ಶಾಮಿಯಾನದ ಕೆಳಗೆ ಅಣ್ಣ ರಾಮಲಿಂಗಯ್ಯ ಕುರ್ಚಿಯಲ್ಲಿ ಕೂತು ಟವೆಲಿನಲ್ಲಿ ಮುಖ ಒತ್ತಿಕೊಳ್ಳುತ್ತಿದ್ದರು. "ಬಲು ಹಟ ನಮ್ ಕಾವೇರಿಗೆ," ಎಂದರು ಯಾರಿಗೋ. "ಹಟದಲ್ಲೇ ಹೋಗ್ಬುಟ್ಳು." ಅವರ ಅಳು ಸುಳ್ಳಾಗಿರಲಿಲ್ಲ.

ಪಕ್ಕದಲ್ಲಿ ಮರಿಯಪ್ಪ ಗಡಿಯಾರ ನೋಡಿಕೊಂಡ. "ಬ್ಯಾಗ ಎತ್ಬುಡವ ಅಂದ್ರೆ ಎರಡ್ನೇ ವಾರ್ಡಿನೋರು ಒಬ್ರೂ ಬಂದಿಲ್ಲ. ಓಟ್ ಹಾಕ್ಬುಟ್ಟು ಬತ್ತೀವಿ ಅಂದವ್ರೆ."

"ನಮ್ಗೇನ್ ಬುಡ್ಲಾ," ಎಂದ ಗಂಗಹನುಮಯ್ಯ. "ನಮ್ ವಾರ್ಡಲ್ಲಿ ಎಲೆಕ್ಷನ್ನೇ ಇಲ್ಲ. ನಿಧಾನಕ್ಕೆ ಮಣ್ ಮಾಡವ."

*

ಮಾನಸ ಆಗ ನಾಲ್ಕು ವರ್ಷದ ಕೂಸು. ವರಲಕ್ಷ್ಮಿ ಮತ್ತು ಗಂಡ ಕುಮಾರ ಕುರಿ ಹೊಡೆದುಕೊಂಡು ಸಾತನೂರಿನ ಆಚೆ ಯಾರದೋ ಕೊಯ್ದ ರಾಗಿ ಹೊಲದಲ್ಲಿ ಮಂದೆ ನಿಲ್ಲಿಸಿದ್ದರು. ನಡು ಮಧ್ಯಾಹ್ನದಲ್ಲಿ ಕೊಡೆ ಹಿಡಿದ ಹೆಂಗಸೊಬ್ಬಳು ಬದುವಿನ ಮೇಲೆ ಕುಂಟುತ್ತಾ ಬರುವುದು ಕಂಡಿತು. ಹತ್ತಿರ ಬಂದ ಮೇಲೆ ನೋಡಿದರೆ ಊರಿನ ಟೀಚರಮ್ಮ. ಚಪ್ಪಲಿ ಕಿತ್ತು ಹೋಗಿ ಕೈಯಲ್ಲಿತ್ತು.

"ನಿಮ್ ಕೇರಿಯೋರ್ ಹೆಸ್ರೆಲ್ಲ ಪಟ್ಟಿಯಿಂದ ಹೊಂಟೋಗವೆ ಕಣೆ," ಎಂದಳು ಕಾವೇರಮ್ಮ, ಕಲ್ಲಿನ ಮೇಲೆ ಕೂರುತ್ತಾ.

"ಯಾರ್ ತೆಗೆದ್ರು ಟೀಚರಮ್ಮ?"

"ನಾನೇ. ಮೂರು ಸಲ ಬಂದೆ. ಮೂರು ಸಲನೂ ಬಾಗ್ಲಿಗೆ ಬೀಗ. ಊರು ಬುಟ್ಟವ್ರೆ ಅಂತ ಬರೆದು ಕಳಿಸ್ಬುಟ್ಟೆ. ಆಮೇಲೆ ನಿಮ್ ಕುರಿ ಮೇವಿಗೆ ಹೋಗಿರೋದು ಗೊತ್ತಾಯ್ತು. ಊರು ಬುಟ್ಟಿದ್ದೀರಾ?"

"ಇಲ್ಲ ಕಣವ್ವ, ಯುಗಾದಿಗೆ ಬತ್ತೀವಲ್ಲ."

"ಹಂಗಾದ್ರೆ ಇಲ್ಲಿ ಸೈನ್ ಹಾಕು."

ತೊಡೆಯ ಮೇಲೆ ಅರ್ಜಿ ಇಟ್ಟುಕೊಂಡು ಅವಳೇ ತುಂಬಿದಳು. ಕುಮಾರನಿಗೆ ನಗು ಬಂತು. "ಎರಡ್ ಓಟ್‌ಗೆ ಇಷ್ಟು ದೂರ ಬಂದ್ರಾ?"

"ನಿಮ್ದು ಎರಡು. ನಿಮ್ ಕೇರಿದು ನಲವತ್ತೊಂದು. ಮಿಕ್ಕಿದ್ ಮಂದೆ ಯಾವ್ ಕಡೆ ಅವೆ ಹೇಳಪ್ಪ, ಕತ್ಲಾಗೋದ್ರೊಳಗೆ ನೋಡ್ಬೇಕು."

ಮುದ್ದೆ ಉಂಡು, ಹರಿದ ಚಪ್ಪಲಿಗೆ ಕುಮಾರನಿಂದ ದಾರ ಕಟ್ಟಿಸಿಕೊಂಡು ಹೊರಟಳು. ಮೂರು ದಿನದಲ್ಲಿ ನಲವತ್ತೊಂದು ಜನರನ್ನೂ ಹುಡುಕಿದಳೆಂದು ಆಮೇಲೆ ತಿಳಿಯಿತು. ಆ ವರ್ಷದಿಂದ ಕೇರಿಯವರು ಎಂಎಲ್ಎ, ಎಂಪಿ ಚುನಾವಣೆಗಳಲ್ಲಿ ಬೆರಳಿಗೆ ಮಸಿ ಹಾಕಿಸಿಕೊಂಡರು. ಪಂಚಾಯಿತಿ ಚುನಾವಣೆಯಲ್ಲಿ ಮಾತ್ರ ಅದು ಆಗಲಿಲ್ಲ. ಪ್ರತಿ ಸಲವೂ ಮಾರಮ್ಮನ ಗುಡಿಯ ಜಗಲಿಯಲ್ಲಿ ರಾಮಲಿಂಗಯ್ಯ ಒಂದು ಹೆಸರು ಹೇಳುತ್ತಿದ್ದರು, ಊರೊಳಗೆ ಜಗಳ ಬೇಡ ಎನ್ನುತ್ತಿದ್ದರು, ಒಂದನೇ ವಾರ್ಡು ಅವಿರೋಧವಾಗುತ್ತಿತ್ತು. ಮೂರು ಚುನಾವಣೆ ಹಾಗೇ ಕಳೆದವು. ವಾರ್ಡಿನ ಪಟ್ಟಿ ಬರೆದವಳೇ ತನ್ನ ವಾರ್ಡಿಗೆ ಒಂದು ಸಲವೂ ಓಟು ಹಾಕಿರಲಿಲ್ಲ.

*

ಹನ್ನೆರಡು ಗಂಟೆಗೆ ಹೆಣ ಎತ್ತಿದರು. ರಾಮಲಿಂಗಯ್ಯನ ಮಗ ಬಾಲರಾಜು ಮುಂದಿನ ಹೆಗಲು ಕೊಟ್ಟ. ಅವನ ಹೆಂಡತಿ ಭಾನುಪ್ರಿಯ ಹೆಂಗಸರ ಮುಂದೆ ನಡೆದಳು. ಒಂದನೇ ವಾರ್ಡಿನ ಹೊಸ ಮೆಂಬರು ಅವಳೇ. ವರಲಕ್ಷ್ಮಿ ಎಲ್ಲರಿಗಿಂತ ಹಿಂದೆ ಇದ್ದಳು.

ಹೊಲಕ್ಕೆ ಹೋಗುವ ದಾರಿ ಸ್ಕೂಲಿನ ಮುಂದೆಯೇ. ತಿರುವಿನಲ್ಲಿ ಪೊಲೀಸಿನವನು ಓಡಿ ಬಂದು ಕೈ ಅಡ್ಡ ಹಿಡಿದ.

"ಬೂತ್ ಇದೆ. ಸ್ಕೂಲ್ ದಾಟೋವರೆಗೂ ತಮಟೆ ಬಾರಿಸೋ ಹಾಗಿಲ್ಲ."

ತಮಟೆ ನಿಂತಿತು. ರಸ್ತೆಯಲ್ಲಿ ಮತದಾರರನ್ನು ತಂದ ಆಟೋಗಳು ಅಡ್ಡ ನಿಂತಿದ್ದವು. ಅವು ಸರಿಯುವವರೆಗೆ ಹೆಣ ಹೊತ್ತವರು ಬಿಸಿಲಲ್ಲಿ ನಿಂತರು. ಕಾಂಪೌಂಡಿನೊಳಗೆ ಎರಡನೇ ವಾರ್ಡಿನ ಸಾಲು ನಲ್ಲಿಯವರೆಗೂ ಬಂದಿತ್ತು. ಯಾರೋ ಮೊದಲು ಚಪ್ಪಲಿ ಬಿಟ್ಟರು. ಆಮೇಲೆ ಸಾಲಿಗೆ ಸಾಲೇ ಚಪ್ಪಲಿ ಬಿಟ್ಟು ರಸ್ತೆಯ ಕಡೆ ತಿರುಗಿ ಕೈ ಮುಗಿಯಿತು. ರೇಷ್ಮೆಗೂಡಿನ ವ್ಯಾಪಾರದ ಸಾಬೀರ್ ತಲೆ ತಗ್ಗಿಸಿ ನಿಂತ. ಮುಂದುಗಡೆ ಇದ್ದ ಮುದುಕಿ ಸರಸಮ್ಮ ಕೋಲೂರಿಕೊಂಡು ಸಾಲು ಬಿಟ್ಟು ಹೊರಗೆ ಬಂದಳು.

"ಅಜ್ಜಿ, ಲೈನ್ ಹೋಯ್ತದೆ," ಎಂದ ಏಜೆಂಟ್ ಹುಡುಗ.

"ಹೋಗ್ಲಿ ಬುಡಪ್ಪ. ನನ್ನ ಲೈನಿಗೆ ನಿಲ್ಸಿದ್ದೇ ಈವಮ್ಮ." ಅವಳು ಹೆಣದ ಕಾಲು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು.

ಪಕ್ಕದ ಕೋಣೆಗೆ ಬೀಗ ಹಾಕಿತ್ತು. ಒಂದನೇ ವಾರ್ಡಿನ ಜನ ಬರಬೇಕಿದ್ದ ಕೋಣೆ ಅದು. ಅದರ ಬಾಗಿಲಿಗೆ ಒತ್ತಿಕೊಂಡು ಪೊಲೀಸಿನವರ ಬೈಕು ನಿಂತಿತ್ತು. ಮಾನಸ ಅದನ್ನೇ ನೋಡುತ್ತಿದ್ದಳು.

"ನಿಂದು ಓಟ್ ಆಯ್ತೇನಮ್ಮ?" ಎಂದ ಪೊಲೀಸಿನವನು, ಏನೋ ಮಾತಾಡಬೇಕೆಂದು.

"ನಮ್ಗಿಲ್ಲ ಸಾರ್," ಎಂದಳು ಮಾನಸ. "ನಮ್ಮವ್ವನ ಕೇಳಿ."

ಅವನಿಗೆ ಅರ್ಥವಾಗಲಿಲ್ಲ. ವರಲಕ್ಷ್ಮಿ ತಲೆ ಎತ್ತಲಿಲ್ಲ. ಆಟೋಗಳು ಸರಿದವು.

*

ಈ ಸಲ ಚುನಾವಣೆಗೆ ನಿಲ್ಲು ಎಂದು ಕಾವೇರಮ್ಮ ಹೇಳಿದಾಗ ವರಲಕ್ಷ್ಮಿ ನಕ್ಕಿದ್ದಳು. "ನಾನಾ? ಕುರಿ ಹಿಂದೆ ಹೋಗೋಳು?"

"ಈ ಸಲ ಹೆಂಗಸರ ಸೀಟು. ನಿಮ್ ಕೇರಿಗೆ ನೀರಿನ ಪೈಪ್ ಯಾಕ್ ಬಂದಿಲ್ಲ ಅಂತ ಕೇಳೋಕ್ ಒಬ್ರು ಬೇಕಲ್ಲ. ಗೆಲ್ಲು ಅಂತ ಹೇಳ್ತಿಲ್ಲ ವರಮ್ಮ. ನಿಂತ್ಕೊ. ಎರಡ್ ಹೆಸರಿದ್ರೆ ಜನ ಬಂದು ಓಟ್ ಹಾಕ್ಬೇಕಾಯ್ತದೆ. ಅಷ್ಟೇ ನನ್ ಆಸೆ."

ನಾಮಪತ್ರಕ್ಕೆ ಸೂಚಕಿಯಾಗಿ ಕಾವೇರಮ್ಮನೇ ಸಹಿ ಹಾಕಿದಳು, ಸ್ವಂತ ಅಣ್ಣನ ಸೊಸೆಯ ಎದುರಿಗೆ. ಕಾಲೇಜಿಗೆ ಹೋಗುತ್ತಿದ್ದ ಮಾನಸ ಆ ವಾರವೆಲ್ಲ ಕೇರಿಯ ಮನೆಗಳಿಗೆ ಹೋಗಿ ಹೆಸರು, ಕ್ರಮಸಂಖ್ಯೆ ಬರೆದ ಚೀಟಿ ಹಂಚಿದಳು. ಅವಳ ಮೊದಲ ಓಟು ತಾಯಿಗೆ ಬೀಳುವುದಿತ್ತು.

ಯಾರೂ ಬಂದು ಬೈಯಲಿಲ್ಲ. ಬಾಲರಾಜು ಒಂದು ಸಂಜೆ ಬೈಕಿನ ಮೇಲೆ ಕೂತೇ ಕುಮಾರನಿಗೆ ಹೇಳಿ ಹೋದ: "ನಮ್ಮೋರ್ ಹೊಲಕ್ಕೆ ಮಂದೆ ಬುಡ್ಬ್ಯಾಡ ಕುಮಾರ. ಕೆರೆ ಅಂಗಳಕ್ಕೂ ಅಷ್ಟೆ. ಬೇಜಾರ್ ಮಾಡ್ಕಬ್ಯಾಡ."

ಮಾರನೆಯ ದಿನ ಹೋದ ಕಡೆಯಲ್ಲೆಲ್ಲ ಬೇಲಿ ಮುಚ್ಚಿತ್ತು. ಮೂರು ದಿನ ಎಪ್ಪತ್ತು ಕುರಿ ದೊಡ್ಡಿಯಲ್ಲೇ ಅರಚಿದವು. ನಾಲ್ಕನೆಯ ದಿನ ಒಂದು ಮರಿ ಹಸಿವಿಗೆ ತಾಯಿಯ ಕೆಚ್ಚಲನ್ನೇ ಕಚ್ಚಿ ಗಾಯ ಮಾಡಿತು. ಕುಮಾರ ಹೆಂಡತಿಯ ಮೇಲೆ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. "ನೀನ್ ಗೆದ್ದೇ ಗೆಲ್ತೀಯ ಅಂತ ಇಟ್ಕೊ. ಗೆದ್ದ ಮೇಲೆ ಇವನ್ನ ಎಲ್ ಮೇಯ್ಸನ?"

ವಾಪಸ್ ತೆಗೆದುಕೊಳ್ಳಲು ಕೊನೆಯ ದಿನ, ಇನ್ನರ್ಧ ಗಂಟೆ ಇರುವಾಗ, ವರಲಕ್ಷ್ಮಿ ಪಂಚಾಯಿತಿ ಆಫೀಸಿಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಕಾವೇರಮ್ಮ ಕೂತಿದ್ದಳು. ಬೆಳಗಿನಿಂದ ಅಲ್ಲೇ ಇದ್ದಳಂತೆ.

"ಊಟ ಮಾಡಿದ್ದೀಯಾ ವರಮ್ಮ?" ಎಂದಳು.

"ಇಲ್ಲ ಟೀಚರಮ್ಮ."

ಕಾವೇರಮ್ಮ ಕಾಲು ಸರಿಸಿ ದಾರಿ ಬಿಟ್ಟಳು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ, "ಸ್ವಂತ ಇಚ್ಛೆಯಿಂದ ವಾಪಸ್ ತಗೋತಿದ್ದೀರಾ?" ಎಂದು ಕೇಳಿದರು. "ಹೂಂ ಸಾ," ಎಂದಳು ವರಲಕ್ಷ್ಮಿ. ಹೊರಗೆ ಬಂದಾಗ ಬೆಂಚು ಖಾಲಿಯಾಗಿತ್ತು. ಕುರಿಯ ವಿಷಯ ಹೇಳಬೇಕೆಂದು ಆಮೇಲೆ ಎರಡು ಸಲ ಶೀಟಿನ ಮನೆಯ ತಿರುವಿನವರೆಗೂ ಹೋಗಿದ್ದಳು. ಎರಡು ಸಲವೂ ಅಲ್ಲಿಂದಲೇ ಹಿಂದಿರುಗಿದ್ದಳು. ನಾಳೆ ಹೋದರಾಯಿತು ಎಂದುಕೊಂಡಿದ್ದಳು.

*

ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ನೆಂಟರೆಲ್ಲ ಹಾಕಿದ ಮೇಲೆ ವರಲಕ್ಷ್ಮಿಯೂ ಒಂದು ಹಿಡಿ ಮಣ್ಣು ಹಾಕಿದಳು. ಮಾನಸ ಈ ಸಲ ತಡೆಯಲಿಲ್ಲ. ಅವಳು ಆಗಲೇ ಹೊರಟುಬಿಟ್ಟಿದ್ದಳು. ದೂರದ ಬದುವಿನ ಮೇಲೆ ಅವಳ ಬೆನ್ನು ಕಾಣುತ್ತಿತ್ತು.

ಊರಿಗೆ ಬಂದು ಕಾಲು ತೊಳೆದುಕೊಳ್ಳುವಾಗ ಬಾಲರಾಜು ಕರೆದ. "ಕುಮಾರ, ಒಸಿ ಬಾರ್ಲಾ ಇಲ್ಲಿ. ಏಣಿ ಹತ್ತಕ್ಕೆ ನಿನ್ನಷ್ಟು ಯಾರ್ಗೂ ಬರದಿಲ್ಲ."

ಚನ್ನಪಟ್ಟಣದಿಂದ ಫ್ಲೆಕ್ಸ್ ಬಂದಿತ್ತು. ಕುಮಾರ ಅರಳಿಕಟ್ಟೆಯ ಪಕ್ಕದ ಕಂಬಕ್ಕೆ ಏಣಿ ಒರಗಿಸಿ ಹತ್ತಿದ. ಏಣಿ ಜಾರಬಾರದೆಂದು ವರಲಕ್ಷ್ಮಿ ಬಂದು ಕೆಳಗೆ ಹಿಡಿದುಕೊಂಡಳು. ಬೇರೆ ಯಾರೂ ಹಿಡಿಯಲಿಲ್ಲ.

ಅವನು ಒಂದು ತುದಿ ಕಟ್ಟಿ, ಇನ್ನೊಂದು ಕಂಬಕ್ಕೆ ಹೋಗಿ ಮತ್ತೊಂದು ತುದಿ ಎಳೆದ. ಸುರುಳಿ ಬಿಚ್ಚಿಕೊಂಡಿತು. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ. ಒಂದು ಮೂಲೆಯಲ್ಲಿ ಕಾವೇರಮ್ಮನ ಮುಖ, ಯಾವುದೋ ಚಿಕ್ಕ ಫೋಟೋ ಹಿಗ್ಗಿಸಿದ್ದಕ್ಕೆ ಕಣ್ಣು ಮೂಗು ಕಲಸಿಹೋಗಿತ್ತು. ಮಧ್ಯದಲ್ಲಿ ಅದರ ಎರಡರಷ್ಟು ದೊಡ್ಡದಾಗಿ ಕೈ ಮುಗಿದು ನಿಂತ ಬಾಲರಾಜು, ಭಾನುಪ್ರಿಯ. ಕೆಳಗೆ ಕೆಂಪು ಅಕ್ಷರದಲ್ಲಿ: ದುಃಖತಪ್ತ ಒಂದನೇ ವಾರ್ಡಿನ ಸಮಸ್ತ ಮತದಾರ ಬಂಧುಗಳು.

"ಸೊಟ್ಟ ಐತೇನೆ?" ಎಂದು ಕುಮಾರ ಮೇಲಿನಿಂದ ಕೇಳಿದ.

ವರಲಕ್ಷ್ಮಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ತಲೆ ಎತ್ತಿ ನೋಡಿದಳು.

"ಎಡಗಡೆ ಒಸಿ ಎತ್ತು," ಎಂದಳು.

ಕುಮಾರ ಹಗ್ಗ ಬಿಗಿದ. ಫ್ಲೆಕ್ಸ್ ರಸ್ತೆಗೆ ಅಡ್ಡಲಾಗಿ ನೆಟ್ಟಗೆ ನಿಂತಿತು.