ಮಾತಿಗೆ ಮೀಟರು

ಪಿಯುಸಿ ಓದುತ್ತಿದ್ದ ಶಶಿರೇಖಾ ಸಿನಿಮಾ ತೆಗೆಯಲು ಹೊರಟಾಗ ಅವಳಿಗಿದ್ದ ಆಸರೆ ಗಾಜು ಬಿರುಕು ಬಿಟ್ಟ ಒಂದು ಮೊಬೈಲು ಮತ್ತು ಗುಂಡ್ಲುಪೇಟೆಯ ಗೆಳತಿ ಇರಮ್. ಸಿನಿಮಾದ ಕತೆ ಮುಂದೆಂದೋ ಬರುವ ಕಾಲದ್ದು. ಆಳುವವರು ಪ್ರತಿಯೊಬ್ಬರ ಕತ್ತಿಗೂ ಮಾತು ಎಣಿಸುವ ಮೀಟರು ಕಟ್ಟಿದ್ದಾರೆ. ದಿನದ ಪಾಲಿಗಿಂತ ಒಂದು ಮಾತು ಹೆಚ್ಚಾದರೂ ಜೈಲು. ಕೊನೆಗೆ ಹುಡುಗ ಹುಡುಗಿಯರು ಮೀಟರು ಕಿತ್ತೆಸೆದು, ಊರವರನ್ನು ಕೂಡಿಸಿ, ಅಧಿಪತಿಯ ಎದುರು ಗಂಟಲು ಹರಿಯುವಂತೆ ಕೂಗುತ್ತಾರೆ.

ಟ್ರಂಕು ಮಾಡುವ ಕಲಂದರ್, ಇರಮ್‌ಳ ತಂದೆ, ಉಳಿದ ತಗಡಿನಲ್ಲಿ ಅಧಿಪತಿಗೊಂದು ಟೊಪ್ಪಿ ಬಡಿದುಕೊಟ್ಟರು. ಭೀಮನಬೀಡು ಹಳ್ಳಿಯಾಚೆ ಕೆಲಸ ನಿಂತಿದ್ದ ಕರಿಕಲ್ಲಿನ ಕ್ವಾರಿಯೇ ಅಧಿಪತಿಯ ರಾಜಧಾನಿ. ಶಶಿರೇಖಾಳ ಅವ್ವ ಬಸವಮ್ಮನಿಗೆ ಮಾತ್ರ ಇದು ಹಿಡಿಸಿರಲಿಲ್ಲ. ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುವ ಆಕೆಯದು ಮೊದಲೇ ಮಾತು ಕಡಿಮೆ. "ಓದೋ ವಯಸ್ನಲ್ಲಿ ಇದ್ಯಾಕಮ್ಮಿ, ಬುಡು ಅತ್ಲಾಗೆ" ಎಂದಷ್ಟೇ ಹೇಳಿದ್ದಳು.

ಕೊನೆಯ ದೃಶ್ಯಕ್ಕೆ ಜನ ಬೇಕಿತ್ತು. ಬರುತ್ತೇವೆಂದಿದ್ದ ಕಾಲೇಜು ಹುಡುಗರು ಅಂದು ಕ್ರಿಕೆಟ್ ಆಡಲು ಹೋಗಿಬಿಟ್ಟರು. ಅಧಿಪತಿಯ ವೇಷ ಹಾಕಿ ತಗಡಿನೊಳಗೆ ಬೇಯುತ್ತಿದ್ದವನು ಇರಮ್‌ಳ ಅಣ್ಣ ಸೊಹೈಲ್. "ಜನಾನೇ ಇಲ್ದೆ ನಾನ್ಯಾರಿಗೆ ಅಧಿಪತಿ? ನಡೀರಿ ಮನೆಗೆ ಹೋಗನ" ಎಂದ. ಬಿಸಿಲು ಇಳಿಯುತ್ತಿತ್ತು. ಶಶಿರೇಖಾಳಿಗೆ ಅಳು ಒತ್ತಿಕೊಂಡು ಬಂತು.

ಅಷ್ಟರಲ್ಲಿ ಕ್ವಾರಿಯ ಪಕ್ಕದ ರಸ್ತೆಯಲ್ಲಿ ಕೂಲಿ ಮುಗಿಸಿದ ಹೆಂಗಸರನ್ನು ತುಂಬಿಕೊಂಡು ಗೂಡ್ಸ್ ಆಟೊ ಬಂತು. ಹಿಂದುಮುಂದು ನೋಡದೆ ಶಶಿರೇಖಾ ರಸ್ತೆಗೆ ಅಡ್ಡ ನಿಂತಳು. ಆಟೊದಲ್ಲಿ ಅವ್ವನೂ ಇದ್ದಳು.

ಸಂಗತಿ ಕೇಳಿ ಪುಟ್ಟಸಿದ್ದಮ್ಮ ಎಂಬ ಹಿರಿಯಾಕೆ, "ಏನಂತ ಕೂಗನ ಕಣಮ್ಮಿ?" ಎಂದಳು.

"ಯಾರಿಗಾರ ಏನಾರ ಹೇಳ್ಬೇಕು ಅಂದ್ಕಂಡು ಹೇಳ್ದೆ ನುಂಗಿದ್ರೆ, ಅದ್ನೇ ಕೂಗ್ಬುಡಿ ಅಜ್ಜಿ" ಎಂದಳು ಶಶಿರೇಖಾ.

ಹೆಂಗಸರು ಮುಖಮುಖ ನೋಡಿಕೊಂಡರು. ಮೊದಲು ಇಳಿದವಳು ಬಸವಮ್ಮ.

ಕ್ವಾರಿಯಲ್ಲಿ ನಿಂತ ಮೇಲೆ ಎಲ್ಲರಿಗೂ ನಗು. ಸೆರಗು ಬಾಯಿಗಿಟ್ಟುಕೊಂಡು ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಆಗ ಬಸವಮ್ಮ ತಗಡಿನ ಟೊಪ್ಪಿಯನ್ನೇ ದಿಟ್ಟಿಸಿ, "ನೀರು ಕುಡಿಯಕ್ಕೆ ಕುಂತ್ರೂ ಬೈತೀಯಲ್ಲಾ, ನಾವೇನು ಮನುಷ್ರಲ್ವೇನ್ಲಾ?" ಎಂದು ಗುಡುಗಿದಳು. ಆ ಮಾತು ಹೊಲದ ಮೇಸ್ತ್ರಿಗೆಂದು ಎಲ್ಲರಿಗೂ ತಿಳಿಯಿತು. ಪುಟ್ಟಸಿದ್ದಮ್ಮ ಅಳಿಯನನ್ನು ನೆನೆದು ಕೂಗಿದಳು. ಆಮೇಲೆ ಯಾರದು ಯಾವ ಮಾತೆಂದು ತಿಳಿಯದಂತೆ ಕಲ್ಲುಗಳೆಲ್ಲ ಮೊರೆದವು. ಹೆಂಗಸರು ಮುಂದೆ ಮುಂದೆ ಬಂದಂತೆ ಸೊಹೈಲ್ ನಿಜವಾಗಿಯೇ ಹೆದರಿ ಹಿಂದೆ ಸರಿದ. ಟೊಪ್ಪಿ ಬಿದ್ದು ಉರುಳಿತು. ಶಶಿರೇಖಾ ಮೊಬೈಲು ಇಳಿಸಲಿಲ್ಲ. ತನ್ನ ಅವ್ವನಿಗೆ ಇಂಥ ದನಿಯಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಚಾಮರಾಜನಗರದ ಕಿರುಚಿತ್ರ ಸ್ಪರ್ಧೆಯಲ್ಲಿ ತಗಡಿನ ಟೊಪ್ಪಿ ಕಂಡೊಡನೆ ಸಭಾಂಗಣ ಗೊಳ್ಳೆಂದಿತು. ಶಶಿರೇಖಾ ತಲೆ ತಗ್ಗಿಸಿದಳು. ಆದರೆ ಬಸವಮ್ಮನ ಗುಡುಗು ಕೇಳುತ್ತಲೇ ನಗು ನಿಂತುಹೋಯಿತು. ಹಿಂದಿನ ಸಾಲಿನ ಹುಡುಗಿಯರು ಎದ್ದು ನಿಂತು ತಾವೂ ಕೂಗತೊಡಗಿದರು. ಸಿನಿಮಾ ಮುಗಿದು ದೀಪ ಹತ್ತಿದರೂ ಅವರು ಕೂರಲಿಲ್ಲ.

ಮೊದಲ ಬಹುಮಾನಕ್ಕೆ ಹೆಸರು ಕರೆದಾಗ ಶಶಿರೇಖಾ ಒಂದು ಕೈಯಲ್ಲಿ ಇರಮ್‌ಳನ್ನು, ಇನ್ನೊಂದರಲ್ಲಿ ಅವ್ವನನ್ನು ಎಳೆದುಕೊಂಡು ವೇದಿಕೆ ಹತ್ತಿದಳು. ಯಾರೋ ಬಸವಮ್ಮನ ಮುಂದೆ ಮೈಕು ಹಿಡಿದರು. ಆಕೆ ಸೆರಗು ಸರಿಮಾಡಿಕೊಂಡು ಸಭೆಯನ್ನೊಮ್ಮೆ ನೋಡಿದಳು.

"ಆವತ್ತು ಕೂಗ್ತಿದ್ದಂಗೇ ಹೊತ್ತು ಮುಳುಗೋಯ್ತು," ಎಂದಳು. "ಹೇಳದು ಇನ್ನೂ ಬೇಕಾದಷ್ಟದೆ."