ಬಲಗಡೆಯ ಕುರ್ಚಿ

ಗಡಿಯಂಚಿನ ಹಳ್ಳಿ ಸುಳಕೂಡದ ಕುರುಬರ ಹಾಲಸಿದ್ದ ಕೊಲ್ಹಾಪುರದ ಕಾಲೇಜು ಸೇರಿದ ವರ್ಷವೇ ‘ತರುಣ ರಾಷ್ಟ್ರ ಮಂಡಳ’ವನ್ನೂ ಸೇರಿದ್ದ. ದೇಶ, ಧರ್ಮದ ಮುಂದೆ ಜಾತಿ, ಭಾಷೆ ಯಾವುದೂ ಇಲ್ಲ ಎಂದು ಅಲ್ಲಿ ಹೇಳಿದ್ದು ಅವನ ಎದೆಗೆ ನಾಟಿತ್ತು. ಎರಡು ವರ್ಷ ಸೈಕಲ್ ತುಳಿದು, ಗಡಿಹಳ್ಳಿಗಳ ಹುಡುಗರನ್ನು ಮಂಡಳಕ್ಕೆ ಕರೆತಂದ.

ಆದರೆ ಮುಂಬಯಿಯ ಮುಖಂಡರು ಬಂದಾಗಷ್ಟೇ ಜಿಲ್ಲಾಧ್ಯಕ್ಷ ಜಯಸಿಂಗರಾವ್‌ಗೆ ಅವನ ನೆನಪಾಗುತ್ತಿತ್ತು. ಹೆಗಲಿಗೆ ಕಂಬಳಿ ಹಾಕಿಕೊಂಡು ವೇದಿಕೆಯ ಬಲಗಡೆ ಕೂರಬೇಕು, ಅಷ್ಟೇ. ಎಡಗಡೆಗೆ ಧೊಂಡಿಬಾ, ಇಚಲಕರಂಜಿಯಲ್ಲಿ ಮಗ್ಗ ನಡೆಸುವ, ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆಯವನು. ಫೋಟೋ ಮುಗಿದ ಮೇಲೆ ಇಬ್ಬರೂ ಸೇರಿ ಜಮಖಾನೆ ಮಡಚುತ್ತಿದ್ದರು.

೧೯೮೩ರ ಬೇಸಿಗೆಯಲ್ಲಿ ಗಡಹಿಂಗ್ಲಜದಲ್ಲಿ ಸಮಾವೇಶ. ಗಡಿಭಾಗಕ್ಕೆ ಹೊಸ ಕಾರ್ಯದರ್ಶಿ ಬೇಕಾಗಿತ್ತು. ಹಾಲಸಿದ್ದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಕುರಿ ಮೇಯುವ ಗಾಯರಾಣ, ಊರ ಗೋಮಾಳ, ಕಬ್ಬಿನ ಪಾಲಾಗುತ್ತಿರುವ ಬಗ್ಗೆ ಮಾತಾಡಬೇಕೆಂದು ವಾರವಿಡೀ ಅಭ್ಯಾಸ ಮಾಡಿದ್ದ.

ಜಯಸಿಂಗರಾವ್ ಅವನನ್ನು ನೋಡಿದ್ದೇ ಮರಾಠಿಯಲ್ಲಿ, “ಅರೇ, ಘೋಂಗಡಂ ಕುಠಾಯ?” ಎಂದ. ಕಂಬಳಿ ಎಲ್ಲಿ?

ಬೆಳಗಿನ ಒಳಸಭೆಯಲ್ಲಿ ಕಾರ್ಯದರ್ಶಿಯೆಂದು ಘೋಷಿಸಿದ್ದು ಸಕ್ಕರೆ ಕಾರ್ಖಾನೆಯ ನಿರ್ದೇಶಕರೊಬ್ಬರ ಮಗನನ್ನು. ಗಡಿಯ ಒಂದು ಹಳ್ಳಿಯ ಮಣ್ಣನ್ನೂ ತುಳಿಯದವ. ಹಾಲಸಿದ್ದನಿಗೆ ಕೂತಿರಲಾಗಲಿಲ್ಲ. ಎದ್ದು, ತನ್ನ ಹೆಸರನ್ನೂ ಪರಿಗಣಿಸಬೇಕೆಂದ. ಅವನ ಮರಾಠಿಯಲ್ಲಿ ಕನ್ನಡ ಕೇಳಿಸಿ ಹಿಂದಿನಿಂದ ಯಾರೋ ನಕ್ಕರು. ಅವನ ಪರವಾಗಿ ಎದ್ದದ್ದು ಧೊಂಡಿಬಾನ ಕೈಯೊಂದೇ. ಹಾಲಸಿದ್ದನೇ ಕರೆತಂದ ಹುಡುಗರು ತಲೆ ತಗ್ಗಿಸಿ ಕೂತಿದ್ದರು.

ಜಯಸಿಂಗರಾವ್ ಅವನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ: “ನೀನು ಮಂಡಳದ ಹೆಮ್ಮೆ. ಹುದ್ದೆಗಾಗಿ ಕಚ್ಚಾಡುವುದು ನಮ್ಮ ಸಂಸ್ಕಾರವಲ್ಲ. ಹೋಗು, ಕಂಬಳಿ ಹೊಂದಿಸಿಕೊಂಡು ಬಾ, ಮುಂಬಯಿಯ ಸಾಹೇಬರು ಬರುವ ಹೊತ್ತಾಯಿತು.”

ಹೊರಗೆ ಚಹಾದಂಗಡಿಯಲ್ಲಿ ಧೊಂಡಿಬಾ, “ನಾ ಇನ್ನ ಬರಂಗಿಲ್ಲೋ. ನಾ ಬೌದ್ಧ ಅಂದ್ರ, ‘ಎಲ್ಲಾ ಒಂದ’ ಅಂತ ಬಾಯಿ ಮುಚ್ಚಸ್ತಾರ” ಎಂದ.

“ಬಿಟ್ಟ ಹೋದ್ರ ಕೇಳಾವ್ರು ಯಾರು? ಒಳಗಿದ್ದs ಕೇಳಬೇಕು.”

“ಈಗ ಕೇಳಿದೆಲ್ಲ. ಏನಾತು?”

ಧೊಂಡಿಬಾ ಇಚಲಕರಂಜಿಯ ಬಸ್ಸು ಹಿಡಿದ.

ಮಧ್ಯಾಹ್ನ ಹಾಲಸಿದ್ದ ಬರಿ ಅಂಗಿಯಲ್ಲೇ ಮಂಟಪಕ್ಕೆ ಬಂದ. ಬಲಗಡೆಯ ಕುರ್ಚಿ ಖಾಲಿ ಇರಲಿಲ್ಲ. ಅವನ ಊರಿನದೇ ಕುರುಬರ ಹುಡುಗ ಮಲ್ಲಾರಿ, ಎಲ್ಲಿಂದಲೋ ತಂದ ಕಂಬಳಿ ಹೊದ್ದು, ಬೆವರುತ್ತ ಅಲ್ಲಿ ಕೂತಿದ್ದ. ಸಾಹೇಬರು ಅವನ ಕೈ ಹಿಡಿದೆತ್ತಿ, “ಇದೇ ನಮ್ಮ ಏಕತೆ” ಎಂದಾಗ ಚಪ್ಪಾಳೆ ಬಿದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ ಹಾಲಸಿದ್ದ ತಡೆಯಲಾರದೆ ಕೇಳಿದ: “ಅಲ್ಲೋ ಮಲ್ಲಾರಿ, ನಿನ್ನ ಹೆಸರರ ಕೇಳಿದ್ರೇನ ಅವ್ರು?”

ಮಲ್ಲಾರಿಯ ಮುಖ ಕೆಂಪಾಯಿತು. “ಎರಡ ವರ್ಷ ನೀವ ಕುಂತ್ರಿ. ನಾ ಒಂದಿನ ಕುಂತ್ರ ಹೊಟ್ಟಿಕಿಚ್ಚೇನ್ರಿ ಅಣ್ಣಾ? ಮಂಡಳದಾಗ ಎಲ್ಲಾರೂ ಒಂದ ಅಂತ ಹೇಳಿ ಕರಕೊಂಡ ಬಂದವ್ರು ನೀವs ಅಲ್ಲೇನ್ರಿ?”

ಹುಡುಗರೆಲ್ಲ ಮಲ್ಲಾರಿಯ ಸುತ್ತ ಸೇರಿದರು. ಸಾಹೇಬರ ಕೈ ಭಾಳ ಮೆತ್ತಗಿತ್ತೆಂದು ಅವನು ಹೇಳತೊಡಗಿದ. ಹಾಲಸಿದ್ದ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದು ಕೂತ. ಅವನ ಮಾತು ಕೇಳುವವರು ಆ ಬಸ್ಸಿನಲ್ಲಿ ಯಾರೂ ಉಳಿದಿರಲಿಲ್ಲ.